ಟೆಕ್ಸಾಸ್ ಪ್ರಾಂತದ ವಲಸೆಗಾರರ ಜೀವನ

ಕ್ರಿ. ಶ. 1821ರಲ್ಲಿ ಮೆಕ್ಸಿಕೋ ದೇಶವು ಸ್ಪೇನಿನ ಆಳ್ವಿಕೆಯಿಂದ ಬಿಡುಗಡೆಹೊಂದಿತಷ್ಟೆ. ಬಳಿಕ ಅದರ ಉತ್ತರದ ಗಡಿನಾಡಾದ ಟೆಕ್ಸಾಸಿನಲ್ಲಿ ಸ್ಟೀಫನ್ ಆಸ್ಟಿನ್ ಎಂಬಾತನು ಸರ್ಕಾರದ ಅನುಮತಿಯಿಂದ ಬ್ರಾಜೋಸ್, ಕೊಲೊರಾಡೊ ನದೀತೀರಗಳಲ್ಲಿ ಅಮೆರಿಕದ ಕುಟುಂಬಗಳನ್ನು ನೆಲೆಗೊಳಿಸಿದನು. ಬೇಸಾಯಕ್ಕೆ 177 ಎಕರೆ, ಪಶುಪಾಲನೆಗೆ 4,428 ಎಕರೆ ದೊರೆಯುತ್ತಿದ್ದುದರಿಂದ ಬಹುಮಂದಿ ತಾವು ಪಶುಪಾಲಕರೂ ಹೌದೆಂದು ಹೇಳಿಕೊಂಡರು. ಪ್ರತಿಯಾಗಿ ಅವರು ಕ್ಯಾಥೊಲಿಕ್ ಮತವನ್ನು ಅಂಗೀಕರಿಸಬೇಕಾಗಿತ್ತು. ಮರದ ದಿಮ್ಮಿಗಳ ಮನೆ, ಮುಸುಕಿನ ಜೋಳದ ರೊಟ್ಟಿ, ಜಿಂಕೆಯ ಮಾಂಸ, ಕಾಡುಜೇನು, ಚರ್ಮದ ಉಡುಪು—ಇವೇ ಅವರ ಆದಿಕಾಲದ ಸಂಸಾರಸಾಮಗ್ರಿಗಳು.

ಆದರೆ ಈ ಸರಳತೆಯನ್ನು ಮಾತ್ರವೇ ಕೊಂಡಾಡುವ ಚರಿತ್ರೆಯು ಅಪೂರ್ಣವಾದುದು. 1825ರ ಗಣತಿಯಲ್ಲಿ ಸುಮಾರು 1,800 ಜನರ ಪೈಕಿ 443 ಮಂದಿ ದಾಸರಾಗಿದ್ದರು. ಹತ್ತಿಯ ಕೃಷಿಗೆ ಅವರ ದುಡಿಮೆಯೇ ಆಧಾರ. 1829ರಲ್ಲಿ ಮೆಕ್ಸಿಕೋ ದಾಸ್ಯವನ್ನು ರದ್ದುಗೊಳಿಸಿದರೂ ಟೆಕ್ಸಾಸಿಗೆ ವಿನಾಯಿತಿ ದೊರೆಯಿತು. 1836ರ ಸ್ವತಂತ್ರ ಟೆಕ್ಸಾಸಿನ ರಾಜ್ಯಾಂಗವು ಅದನ್ನೇ ಸ್ಥಿರಪಡಿಸಿತು. ಭೂಮಿಯ ಒಡೆತನವಿಲ್ಲದ ಆ ಜನರ ಬಾಳನ್ನೂ ಸೇರಿಸಿದಾಗಲೇ ಈ ವಲಸೆಯ ವೃತ್ತಾಂತವು ಪೂರ್ಣವಾದೀತು.