ನಮ್ಮ ಸೀಮೆಯ ದನದ ರೋಗಗಳು: ಒಂದಿಷ್ಟು ಹಳೆಯ ಮಾತು



1956ರ ತನಕ ಹನೂರೂ ಸೇರಿದ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರಿಗೆ ಸೇರಿತ್ತು. ಗಡಿ ಜನಕ್ಕಿತ್ತು, ರೋಗಕ್ಕಿರಲಿಲ್ಲ. ಜಾತ್ರೆ, ಸಂತೆಯ ದನದ ಜೊತೆ ಅದೂ ದಾಟುತ್ತಿತ್ತು. ದೊಡ್ಡರೋಗ ಹೊಕ್ಕರೆ ಕೊಟ್ಟಿಗೆಯೇ ಬರಿದು ಅಂತ ನಮ್ಮ ತಾತ ಹೇಳ್ತಿದ್ದರು. ಜ್ವರ, ಬಾಯಿಹುಣ್ಣು, ಜೊಲ್ಲು ಕಾಲುಬಾಯಿ ಜ್ವರದಲ್ಲೂ ಉಂಟು. ಗೊರಸಿನ ಸಂದಿಯಲ್ಲಿ ಹುಣ್ಣಾದರೆ ಕಾಲುಬಾಯಿ. ಕಾಲು ಸರಿಯಿದ್ದು ನಾರುವ ಭೇದಿ ಹತ್ತಿದರೆ ದೊಡ್ಡರೋಗ. ಅದನ್ನು ಬೇರುಸಹಿತ ಕೀಳಲು 1954ರಲ್ಲಿ ದೇಶದಾದ್ಯಂತ ಲಸಿಕೆ ಕಾರ್ಯಕ್ರಮ ಶುರುವಾಯಿತು. ಸೂಜಿ ಚುಚ್ಚಿಸಿದರೆ ಹಾಲು ಬತ್ತುತ್ತೆ ಅಂತ ಹಸು ಬಚ್ಚಿಟ್ಟವರಲ್ಲಿ ನಮ್ಮ ಮನೆಯವರೂ ಇದ್ದರು! ಆದರೂ 2006ರಲ್ಲಿ ಭಾರತ, 2011ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತು. ದನದ ರೋಗಗಳಲ್ಲಿ ಪೂರ್ತಿ ಹೋದದ್ದು ಅದೊಂದೇ.

ಚಪ್ಪೆರೋಗ ಹೋಗಿಲ್ಲ. ಕೆಲವು ವರ್ಷದ ಹಿಂದೆ ಮುಂಗಾರಿನಲ್ಲಿ ನಮ್ಮ ಹೋರಿಗರು ಕುಂಟಿತು. ಉಳುಕು ಅಂದುಕೊಂಡು ಬರೆ ಹಾಕಿಸಿದೆ. ತೊಡೆ ಊದಿತು. ಡಾಕ್ಟರು ಬಂದು ಒತ್ತಿದಾಗ ಚರ್ಮದಡಿ ಚರಚರ ಸದ್ದು. “ಚಪ್ಪೆ, ನಿನ್ನೆಯೇ ಕರೀಬೇಕಿತ್ತು” ಅಂದರು. ಪೆನ್ಸಿಲಿನ್ ಕೊಟ್ಟರೂ ಬೆಳಗಾಗುವಷ್ಟರಲ್ಲಿ ಹೋಯಿತು. ಅದರ ಜೊತೆಗರುವಿಗೆ ಆಗಲೇ ಲಸಿಕೆ ಹಾಕಿಸಿದೆವು. ಈಗ ನಮ್ಮ ಗದ್ದೆ ಉಳುವುದು ಅದೇ.