ಬಾಸೆಲ್ ಪಟ್ಟಣದ ಗಡಿಯಾರದ ಜಾತ್ರೆ

ಬಾಸೆಲ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದು ನೆಲೆಸಿದ ಬಾಸೆಲ್ ಮಿಶನ್ನಿನ ಪಾದ್ರಿಗಳು ಅಲ್ಲಿ ಅಚ್ಚುಕೂಟವನ್ನು ತೆರೆದರು. ಅದೇ ಮಿಶನ್ನಿನವರಾದ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡದಲ್ಲಿ ಪತ್ರಿಕೆಯ ಯುಗವನ್ನು ಆರಂಭಿಸಿದರು. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಂದಿತು. ಮಂಗಳೂರು ಹೆಂಚಿನ ಮಾಡಿನ ಕೆಳಗೆ ಮಲಗಿ ಬೆಳೆದ ನಮ್ಮವರೆಲ್ಲರಿಗೂ ಆ ದೂರದ ಊರಿನ ಋಣವುಂಟು. ಆದರೆ ಲೋಕದ ವರ್ತಕರಲ್ಲಿ ಬಾಸೆಲ್ಲಿಗೆ ಬೇರೊಂದು ಕಾರಣದಿಂದ ಹೆಸರು ಬಂದಿತು. ಜಗತ್ತಿನ ಅತಿ ದೊಡ್ಡ ಗಡಿಯಾರದ ಜಾತ್ರೆ ಹಲವು ದಶಕಗಳ ಕಾಲ ಅಲ್ಲಿ ನೆರೆಯುತ್ತಿತ್ತು. ಅದು ಹೇಗೆ ಬೆಳೆಯಿತು, ಹೇಗೆ ಅಳಿಯಿತು ಎಂಬುದನ್ನು ಇಲ್ಲಿ ನಿರೂಪಿಸಲು ಯತ್ನಿಸುತ್ತೇವೆ. ಇದನ್ನು ರಾಜ್ಯೋತ್ಸವದ ಸಂಚಿಕೆಗೆ ಏಕೆ ಆರಿಸಿದೆವೆಂಬುದು ಕೊನೆಯಲ್ಲಿ ತಾನಾಗಿಯೇ ತಿಳಿದೀತು.

ಮೊದಲು ಗಡಿಯಾರದ ಕಸುಬಿನ ವಿಚಾರ. ಸ್ವಿಟ್ಜರ್ಲೆಂಡಿನಲ್ಲಿ ಈ ಕಸುಬು ಬೇರೂರಿದ್ದು ಜಿನೀವಾ ನಗರದಲ್ಲಿ, ಹದಿನಾರನೆಯ ಶತಮಾನದಲ್ಲಿ. ಧರ್ಮಸುಧಾರಕನಾದ ಕ್ಯಾಲ್ವಿನ್ನನ ಅನುಯಾಯಿಗಳು ಒಡವೆ ವಸ್ತುಗಳ ಆಡಂಬರವನ್ನು ಒಪ್ಪಲಿಲ್ಲ. ಅಕ್ಕಸಾಲಿಗರು ಬದುಕುವ ದಾರಿ ಹುಡುಕಿ ಗಡಿಯಾರದ ಕೆಲಸಕ್ಕೆ ತಿರುಗಿದರು. ಅದೇ ಕಾಲಕ್ಕೆ ಫ್ರಾನ್ಸಿನಲ್ಲಿ ಮತದ ಕಾರಣದಿಂದ ಕಿರುಕುಳಕ್ಕೆ ಸಿಕ್ಕಿ ಊರು ಬಿಟ್ಟು ಬಂದ ಕುಶಲಕರ್ಮಿಗಳು ಈ ವಿದ್ಯೆಯನ್ನು ತಮ್ಮ ಜೊತೆಗೆ ತಂದರು. 1601ರಲ್ಲಿ ಗಡಿಯಾರ ಮಾಡುವವರ ಸಂಘವೇ ಅಲ್ಲಿ ಸ್ಥಾಪನೆಯಾಯಿತು. ಮುಂದೆ ಈ ಕೆಲಸ ಜುರಾ ಬೆಟ್ಟಗಳ ಹಳ್ಳಿಗಳಿಗೆ ಹರಡಿ, ಚಳಿಗಾಲದಲ್ಲಿ ಹಿಮ ಮುಚ್ಚಿಕೊಂಡು ಹೊಲದ ಕೆಲಸವಿಲ್ಲದಾಗ ರೈತರು ಕಿಟಕಿಯ ಬೆಳಕಿನಲ್ಲಿ ಕುಳಿತು ಗಾಲಿ, ತಿರುಪುಗಳನ್ನು ಅರೆಯುವಂತಾಯಿತು. ಸ್ವಿಸ್ ಗಡಿಯಾರವೆಂದು ಲೋಕವೆಲ್ಲ ಕೊಂಡಾಡುವ ವಸ್ತುವಿನ ಹಿಂದೆ ವಲಸೆ ಬಂದವರ ಕೈಯೂ ಇದೆಯೆಂಬುದನ್ನು ವಲಸಿಗರಾದ ನಾವು ಮರೆಯಲಾಗದು.

ಆ ಗಡಿಯಾರಗಳು ನಮ್ಮ ಮುಂಬಯಿಗೂ ಬಹುಕಾಲದ ಹಿಂದೆಯೇ ಬಂದವು. ವೆಸ್ಟ್ ಎಂಡ್ ವಾಚ್ ಕಂಪನಿ ಇಲ್ಲಿ 1886ರಲ್ಲಿ ಆರಂಭವಾಯಿತು. ಅದರ ಗಡಿಯಾರಗಳು ಸಿದ್ಧವಾಗುತ್ತಿದ್ದುದು ಸ್ವಿಟ್ಜರ್ಲೆಂಡಿನಲ್ಲಿ, ಮಾರಾಟವಾಗುತ್ತಿದ್ದುದು ಈ ದೇಶದಲ್ಲಿ.

ಬೆಟ್ಟದ ಹಳ್ಳಿಯ ಕಸುಬುದಾರನಿಗೂ ಹೊರನಾಡಿನ ಅಂಗಡಿಕಾರನಿಗೂ ಭೇಟಿಯಾಗಲು ಒಂದು ಸ್ಥಳ ಬೇಕಷ್ಟೆ. ಬಾಸೆಲ್ ಇರುವುದು ರೈನ್ ನದಿಯ ದಡದಲ್ಲಿ, ಸ್ವಿಟ್ಜರ್ಲೆಂಡ್, ಫ್ರಾನ್ಸ್, ಜರ್ಮನಿ ಈ ಮೂರೂ ಸೇರುವ ಮೂಲೆಯಲ್ಲಿ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1917ರಲ್ಲಿ, ಸ್ವದೇಶಿ ವಸ್ತುಗಳ ಮಾದರಿಗಳನ್ನು ತೋರಿಸುವ ಪ್ರದರ್ಶನವೊಂದು ಅಲ್ಲಿ ಪ್ರಾರಂಭವಾಯಿತು. ಗಡಿಯಾರಗಳಿಗೂ ಅದರಲ್ಲಿ ಸ್ಥಾನ ದೊರಕಿತು. 1931ರಲ್ಲಿ ಅವುಗಳಿಗೆಂದೇ ಪ್ರತ್ಯೇಕ ವಿಭಾಗ ಏರ್ಪಟ್ಟಿತು. ಅಲ್ಲಿಗೆ ಬಂದ ವರ್ತಕನು ಮಾದರಿಗಳನ್ನು ನೋಡಿ, ಕಿವಿಗಿಟ್ಟು ಆಲಿಸಿ, ಮುಂದಿನ ದಿನಗಳಿಗೆ ಬೇಕಾದ ಸರಕಿಗೆ ಬೇಡಿಕೆ ಬರೆಸುತ್ತಿದ್ದನು. 1973ರಿಂದ ಯುರೋಪಿನ ಇತರ ದೇಶಗಳವರೂ, 1986ರಿಂದ ಯುರೋಪಿನ ಹೊರಗಿನವರೂ ಮಳಿಗೆ ಹಾಕುವಂತಾಯಿತು. 2003ರಲ್ಲಿ ಅದು ‘ಬಾಸೆಲ್‌ವರ್ಲ್ಡ್’ ಎಂಬ ಹೆಸರನ್ನು ತಾಳಿತು.

ಈ ನಡುವೆ ಗಡಿಯಾರದ ಪ್ರಪಂಚದಲ್ಲಿ ಒಂದು ಪ್ರಳಯವೇ ಆಗಿಹೋಯಿತು. 1969ರ ಕ್ರಿಸ್ಮಸ್ ದಿನ ಜಪಾನಿನ ಸೀಕೋ ಕಂಪನಿ ‘ಆಸ್ಟ್ರನ್’ ಎಂಬ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದರೊಳಗೆ ಬ್ಯಾಟರಿಯ ಬಲದಿಂದ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುವ ಕ್ವಾರ್ಟ್ಸ್ ಎಂಬ ಸ್ಫಟಿಕವಿತ್ತು. ಕೀಲಿ ಕೊಡುವ ಗಡಿಯಾರ ದಿನಕ್ಕೆ ಕೆಲವು ಸೆಕೆಂಡು ಹಿಂದೆಮುಂದೆ ಆಗುತ್ತಿದ್ದರೆ, ಇದು ತಿಂಗಳಿಗೆ ಐದು ಸೆಕೆಂಡು ತಪ್ಪಿದರೆ ಹೆಚ್ಚು. ಸ್ವಿಸ್ಸರು ಇದನ್ನು ಅರಿಯದವರೇನಲ್ಲ. 1967ರಲ್ಲೇ ಇಂಥ ಮಾದರಿಯನ್ನು ಮಾಡಿದ್ದರು, 1970ರ ಬಾಸೆಲ್ ಜಾತ್ರೆಯಲ್ಲಿ ಪ್ರದರ್ಶಿಸಿಯೂ ಇದ್ದರು. ಆದರೆ ಅದನ್ನು ಅಗ್ಗವಾಗಿ, ರಾಶಿ ರಾಶಿಯಾಗಿ ಮಾಡಿ ಮಾರುವುದರಲ್ಲಿ ಜಪಾನೀಯರು ಮುಂದಾದರು. 1970ರಲ್ಲಿ ಸುಮಾರು 90 ಸಾವಿರ ಜನರಿಗೆ ಅನ್ನ ಕೊಡುತ್ತಿದ್ದ ಸ್ವಿಸ್ ಉದ್ಯಮ 1980ರ ದಶಕದ ನಡುವಿನ ಹೊತ್ತಿಗೆ ಸುಮಾರು 30 ಸಾವಿರಕ್ಕೆ ಇಳಿಯಿತು.

ಆಗ ಅವರನ್ನು ಎತ್ತಿ ನಿಲ್ಲಿಸಿದ ಉಪಾಯಗಳು ಎರಡು. ಒಂದು, 1983ರಲ್ಲಿ ಹೊರಟ ‘ಸ್ವಾಚ್’ ಎಂಬ ಅಗ್ಗದ ಪ್ಲಾಸ್ಟಿಕ್ ಗಡಿಯಾರ. ಇನ್ನೊಂದು, ಗಡಿಯಾರವನ್ನು ಹೊತ್ತು ತಿಳಿಸುವ ಸಾಧನವೆಂಬುದಕ್ಕಿಂತ ಹೆಚ್ಚಾಗಿ ಕಲಾಕೃತಿಯೆಂದು ಬಿಂಬಿಸಿದ್ದು. 1972ರಲ್ಲಿ ಆಡ್ಮಾ ಪಿಗೆ ಎಂಬ ಮನೆತನದವರು ಉಕ್ಕಿನ ಕೈಗಡಿಯಾರವೊಂದಕ್ಕೆ ಚಿನ್ನದ ಬೆಲೆ ಕಟ್ಟಿ ಇದೇ ಬಾಸೆಲ್ಲಿನಲ್ಲಿ ಇಟ್ಟಾಗ ಜನ ಹುಬ್ಬೇರಿಸಿದರು. ಅದರ ಜಾತಿಯ ಗಡಿಯಾರಕ್ಕೆ ಇಂದು ಸಂಗ್ರಾಹಕರು ಸಾಲುಗಟ್ಟಿ ಕಾಯುತ್ತಾರೆ. ತಿಂಗಳ ದಿನಗಳನ್ನೂ ಅಧಿಕ ವರ್ಷವನ್ನೂ ತಾನೇ ಲೆಕ್ಕ ಹಾಕಿ 2100ನೆಯ ಇಸವಿಯವರೆಗೆ ತಾರೀಕು ತಪ್ಪದ ಯಂತ್ರ, ಗುಂಡಿ ಒತ್ತಿದರೆ ಗಂಟೆ ನಿಮಿಷಗಳನ್ನು ಬಾರಿಸಿ ಹೇಳುವ ಯಂತ್ರ, ಇಂಥವುಗಳ ಮುಂದೆ ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನಿಲ್ಲುವ ರಸಿಕರು ಹುಟ್ಟಿಕೊಂಡರು. ಅವರಿಗೆಲ್ಲ ಬಾಸೆಲ್ ಒಂದು ಯಾತ್ರಾಸ್ಥಳವಾಯಿತು. ಅವಶ್ಯಕತೆ ತೀರಿದ ವಸ್ತುವಿಗೆ ಗೌರವವನ್ನು ಸಂಪಾದಿಸಿ ಕೊಟ್ಟದ್ದರಲ್ಲಿ ಆ ಜಾತ್ರೆಯ ಪಾಲು ದೊಡ್ಡದು.

ನಮ್ಮ ನಾಡಿಗೂ ಅದೇ ಅಲೆ ಬಡಿಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ತಲೆಯೆತ್ತಿದ ಎಚ್.ಎಂ.ಟಿ., 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಗಳನ್ನು ಮಾಡತೊಡಗಿತು. ಅದರ ‘ಜನತಾ’, ‘ಪೈಲಟ್’ ಗಡಿಯಾರಗಳನ್ನು ಕಟ್ಟದ ಮನೆ ನಮ್ಮವರಲ್ಲಿ ವಿರಳ. ಮದುವೆಯಲ್ಲಿ ಅಳಿಯನಿಗೆ ಎಚ್.ಎಂ.ಟಿ. ಕೊಡುವುದು ಒಂದು ಸಂಪ್ರದಾಯವೇ ಆಗಿತ್ತು. 1980ರ ದಶಕದಲ್ಲಿ ಹೊಸೂರಿನ ಟೈಟನ್ ಕ್ವಾರ್ಟ್ಸ್ ಗಡಿಯಾರಗಳೊಡನೆ ಬಂದ ಮೇಲೆ ಅದು ಪೈಪೋಟಿಯಲ್ಲಿ ಹಿಂದೆ ಬಿದ್ದಿತು. 2016ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಈಗ ಅದೇ ‘ಜನತಾ’ವನ್ನು ಹುಡುಕಿಕೊಂಡು ಸಂಗ್ರಾಹಕರು ಅಲೆಯುತ್ತಾರೆ. ಕಾರ್ಖಾನೆ ಬದುಕಿದ್ದಾಗ ಅದಕ್ಕೊಂದು ಬಾಸೆಲ್ ನಮ್ಮಲ್ಲಿರಲಿಲ್ಲ.

ಹೀಗೆ ಗಡಿಯಾರಕ್ಕೆ ಮರುಜೀವ ಕೊಟ್ಟ ಜಾತ್ರೆ ತನ್ನ ಜೀವವನ್ನು ಉಳಿಸಿಕೊಳ್ಳಲಿಲ್ಲವೆಂಬುದೇ ವಿಚಿತ್ರ. ಜಮಾ ಖರ್ಚಿನ ಪುಸ್ತಕದ ಮುಂದೆ ದಿನ ಕಳೆಯುವ ನಮಗೆ ಅದರ ಕಾರಣ ಅಂಕಿಗಳಲ್ಲೇ ಕಾಣುತ್ತದೆ. 2013ರಲ್ಲಿ 43 ಕೋಟಿ ಫ್ರಾಂಕ್ ವೆಚ್ಚದ ಭವ್ಯ ಸಭಾಂಗಣ ಎದ್ದು ನಿಂತಿತು. ಮಳಿಗೆಯ ಬಾಡಿಗೆ ದುಬಾರಿ. ಜಾತ್ರೆಯ ದಿನಗಳಲ್ಲಿ ಹೋಟೆಲುಗಳ ದರವಂತೂ ಗಗನಕ್ಕೆ. ಚಿಕ್ಕವರು ಗೊಣಗಿಕೊಂಡು ಹೊರಟರು. 2017ರಲ್ಲಿ ಸುಮಾರು 1,300 ಇದ್ದ ಪ್ರದರ್ಶಕರು 2018ರಲ್ಲಿ ಸುಮಾರು 650, 2019ರಲ್ಲಿ ಸುಮಾರು 500 ಆದರು. 2018ರ ಜುಲೈಯಲ್ಲಿ ಸ್ವಾಚ್ ಸಮೂಹವೇ ಹೊರನಡೆಯುವುದಾಗಿ ಸಾರಿತು. 2020ರಲ್ಲಿ ಕೊರೋನಾ ಬಂದು ಜಾತ್ರೆ ನಿಂತಾಗ, ಮುಂಗಡವಾಗಿ ಕಟ್ಟಿದ ಹಣದ ವಿಷಯದಲ್ಲಿ ತಕರಾರು ಹುಟ್ಟಿತು. ಏಪ್ರಿಲ್ ತಿಂಗಳಲ್ಲಿ ರೋಲೆಕ್ಸ್, ಪಾಟೆಕ್ ಫಿಲಿಪ್, ಶನೆಲ್, ಶೊಪಾರ್, ಟ್ಯೂಡರ್ ಇವರೆಲ್ಲ ಒಟ್ಟಿಗೆ ಬಿಟ್ಟುಹೋದರು. ಹೊಸ ಹೆಸರಿನಿಂದ ಅದನ್ನು ಎಬ್ಬಿಸುವ ಯತ್ನವೂ ಫಲಿಸಲಿಲ್ಲ. ರೋಗ ನೆಪವಾಯಿತು, ಬೇರು ಮೊದಲೇ ಸಡಿಲಾಗಿತ್ತು.

ಬಿಟ್ಟುಹೋದವರು ಸೇರಿದ್ದು ಜಿನೀವಾದಲ್ಲಿ. ಅಲ್ಲಿ 1991ರಲ್ಲಿ ಕಾರ್ತಿಯೇ ಮೊದಲಾದ ಐದು ಹೆಸರುಗಳು ಕೂಡಿ ಒಂದು ಪ್ರದರ್ಶನವನ್ನು ಆರಂಭಿಸಿದ್ದವು. ಕರೆಯೋಲೆಯಿಲ್ಲದೆ ಅದರೊಳಗೆ ಪ್ರವೇಶವಿರಲಿಲ್ಲ. 2017ರಲ್ಲಿ ಮೊದಲ ಬಾರಿಗೆ ಒಂದು ದಿನ ಸಾರ್ವಜನಿಕರಿಗೂ ಬಾಗಿಲು ತೆರೆಯಿತು. ‘ವಾಚಸ್ ಅಂಡ್ ವಂಡರ್ಸ್’ ಎಂದು ಹೆಸರು ಬದಲಿಸಿಕೊಂಡ ಅದೇ ಪ್ರದರ್ಶನಕ್ಕೆ 2025ರಲ್ಲಿ 60 ಹೆಸರಾಂತ ಕಂಪನಿಗಳೂ ಸುಮಾರು 55 ಸಾವಿರ ಜನರೂ ಬಂದರು. ಕೊನೆಯ ಮೂರು ದಿನ ಟಿಕೆಟು ಕೊಂಡ ಯಾರು ಬೇಕಾದರೂ ಹೋಗಬಹುದಾಗಿತ್ತು. ಕೊಳ್ಳಲಾರದವನ ಕಣ್ಣಿನ ಮೆಚ್ಚಿಗೆಯೂ ಒಂದು ಬಂಡವಾಳವೆಂಬುದನ್ನು ಶ್ರೀಮಂತರೂ ಕಲಿಯಬೇಕಾಯಿತು.

ಬಾಸೆಲ್ಲಿನಲ್ಲಿ ಇನ್ನೊಂದು ಜಾತ್ರೆಯುಂಟು. 1471ರಲ್ಲಿ ಮೂರನೆಯ ಫ್ರೆಡರಿಕ್ ಚಕ್ರವರ್ತಿ ಕೊಟ್ಟ ಸನ್ನದಿನಿಂದ ಹುಟ್ಟಿದ ಶರತ್ಕಾಲದ ಪರಿಷೆ ಅದು. ತೊಟ್ಟಿಲು, ತಿಂಡಿತೀರ್ಥ, ಮಡಕೆ ಕುಡಿಕೆಗಳ ಸಾಮಾನ್ಯರ ಜಾತ್ರೆ. ಪಿಡುಗಿನ ಕೆಲವು ವರ್ಷಗಳನ್ನು ಬಿಟ್ಟರೆ ಇಂದಿಗೂ ತಪ್ಪದೆ ನೆರೆಯುತ್ತದೆ, ಅದೂ ಸರಿಸುಮಾರು ನಮ್ಮ ರಾಜ್ಯೋತ್ಸವದ ದಿನಗಳಲ್ಲೇ. ಸಂತ ಮಾರ್ಟಿನ್ನನ ಗುಡಿಯ ಗಂಟೆ ಬಾರಿಸಿ ಅದನ್ನು ಆರಂಭಿಸುತ್ತಾರೆ. ಗಂಟೆ ಬಾರಿಸುವವನಿಗೆ ಸಂಬಳ ಒಂದು ಜೊತೆ ಕೈಚೀಲ, ಚಳಿಗೆ ಕೈಗೆ ಹಾಕಿಕೊಳ್ಳುವಂಥದು. ಒಂದನ್ನು ಮೊದಲ ದಿನ ಕೊಡುತ್ತಾರೆ. ಇನ್ನೊಂದು ಸಿಗಬೇಕಾದರೆ ಅವನು ಕೊನೆಯ ದಿನವೂ ಬಂದು ಗಂಟೆ ಬಾರಿಸಬೇಕು.

ಒಂದೇ ಊರಿನ ಎರಡು ಜಾತ್ರೆಗಳಲ್ಲಿ 43 ಕೋಟಿಯ ಸಭಾಂಗಣವಿದ್ದದ್ದು ಅಳಿಯಿತು, ಕೈಚೀಲದ ಸಂಬಳದ್ದು ಐದೂವರೆ ಶತಮಾನ ದಾಟಿ ನಿಂತಿದೆ. ನಾವು ಪರಸ್ಥಳದಲ್ಲಿ ಸಂಘ ಕಟ್ಟಿದವರು. ನಮ್ಮದೂ ವರ್ಷಕ್ಕೊಮ್ಮೆ ನೆರೆಯುವ ಒಂದು ಜಾತ್ರೆಯೇ. ಸಭಾಂಗಣ ದೊಡ್ಡದಾಗಲಿ, ಸಂತೋಷ. ಆದರೆ ಹಿಂದಿನ ಸಾಲಿನಲ್ಲಿ ಕುಳಿತವನು ಮುಂದಿನ ವರ್ಷವೂ ಬರುವನೇ ಎಂದು ಕೇಳಿಕೊಳ್ಳುವುದು ಕಾರ್ಯಕಾರಿ ಸಮಿತಿಯವರ ಮೊದಲ ಕೆಲಸವಾಗಲಿ. ಆರಂಭದ ಗಂಟೆಯನ್ನು ಬಾರಿಸಲು ಬಹಳ ಮಂದಿ ಸಿಗುತ್ತಾರೆ. ಕೊನೆಯ ದಿನದವರೆಗೆ ನಿಲ್ಲುವವರು ಬೇಕು.