ದಾಂಡು ಹಿಡಿದು ದುಡಿದವರು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಓದುಗರಿಗೆ ಇಂಗ್ಲೆಂಡಿನ ಮಹಿಳಾ ಕ್ರಿಕೆಟ್ಟಿನ ಮಾತು ದೂರದ್ದೆನಿಸಬಹುದು. ಆದರೆ ನಿಮ್ಮ ಊರುಗಳಿಗೂ ಆ ದೇಶಕ್ಕೂ ಇರುವ ನಂಟು ಹಳೆಯದು. 1630ರ ದಶಕದ ಕೊನೆಯಲ್ಲೇ ಇಂಗ್ಲಿಷ್ ವರ್ತಕರು ಕಾಳುಮೆಣಸಿನ ಆಸೆಯಿಂದ ಭಟ್ಕಳಕ್ಕೆ ಬಂದಿದ್ದರು. ಅವರಲ್ಲಿ ಕೆಲವರ ಗೋರಿಗಳು ಆ ಊರಿನಲ್ಲೇ ಇವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಮುಂಬಯಿ ಮಾರ್ಗವಾಗಿ ಲಿವರ್‌ಪೂಲ್ ಸೇರುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಅಲ್ಲಿನ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರು.

ಅದೇ ಲಿವರ್‌ಪೂಲಿನಲ್ಲಿ 1890ರ ಈಸ್ಟರ್ ಹಬ್ಬದ ವೇಳೆಗೆ ಒಂದು ವಿಚಿತ್ರ ನಡೆಯಿತು. ಹೆಂಗಸರ ಎರಡು ತಂಡಗಳು ಕ್ರಿಕೆಟ್ ಆಡುವುದನ್ನು ನೋಡಲು ಸುಮಾರು 15,000 ಜನ ನೆರೆದಿದ್ದರು. ಒಂದು ಕೆಂಪು ತಂಡ, ಇನ್ನೊಂದು ನೀಲಿ. ‘ಒರಿಜಿನಲ್ ಇಂಗ್ಲಿಷ್ ಲೇಡಿ ಕ್ರಿಕೆಟರ್ಸ್’ ಎಂಬ ಹೆಸರಿನಲ್ಲಿ ಊರೂರು ತಿರುಗಿ ಆಡಿದ ಇವರೇ, ಆಟಕ್ಕೆ ಹಣ ಪಡೆದ ಮೊದಲ ಮಹಿಳಾ ಕ್ರಿಕೆಟಿಗರು. ಮೂರು ವರ್ಷ ಮೊದಲು, 1887ರಲ್ಲಿ, ಯಾರ್ಕ್‌ಷೈರಿನಲ್ಲಿ ವೈಟ್ ಹೀದರ್ ಕ್ಲಬ್ ಹುಟ್ಟಿತ್ತು. ಅದು ಸಿರಿವಂತ ಮನೆತನದವರ ಕೂಟ. ಅವರಿಗೆ ಸಂಬಳದ ಗೊಡವೆ ಇರಲಿಲ್ಲ. ಇವರದು ಹಾಗಲ್ಲ, ಇವರು ಹೊಟ್ಟೆಪಾಡಿಗೆ ಆಡಿದವರು. ಜನ ನಕ್ಕರು, ಪತ್ರಿಕೆಗಳು ಕೊಂಕು ನುಡಿದವು, ಆದರೂ ಟಿಕೆಟ್ಟು ಕೊಂಡು ಬಂದರು! ಕೊನೆಗೆ ತಂಡವನ್ನು ಮುಳುಗಿಸಿದ್ದು ನಗುವವರಲ್ಲ, ವ್ಯವಸ್ಥಾಪಕ. ಆತ ಗಳಿಕೆಯನ್ನೆಲ್ಲ ಗಂಟು ಕಟ್ಟಿಕೊಂಡು ಪರಾರಿಯಾದ.

ಅಲ್ಲಿಂದ ಮುಂದಿನದು ಬಹಳ ಕಾಲ ಬಿಡಿಗಾಸಿಲ್ಲದ ಕಥೆ. 1926ರಲ್ಲಿ ಅಲ್ಲಿ ಮಹಿಳಾ ಕ್ರಿಕೆಟ್ ಸಂಘ ಹುಟ್ಟಿತು. 1934ರಲ್ಲಿ ಮೊದಲ ಟೆಸ್ಟ್ ಆಡಲು ಆಸ್ಟ್ರೇಲಿಯಕ್ಕೆ ಹೊರಟವರು ಹಡಗಿನ ಬಾಡಿಗೆಯನ್ನು ತಾವೇ ತೆತ್ತರು. ರಾಷ್ಟ್ರೀಯ ತಂಡದ 18 ಮಂದಿಗೆ ಪೂರ್ಣಾವಧಿ ಒಪ್ಪಂದ ಸಿಕ್ಕಿದ್ದು 2014ರಲ್ಲಿ. ರಾಷ್ಟ್ರೀಯ ತಂಡದಲ್ಲಿಲ್ಲದ, ದೇಶೀಯ ಮಟ್ಟದಲ್ಲಷ್ಟೇ ಆಡುವ ಹುಡುಗಿಗೆ ಪೂರ್ಣಾವಧಿ ಒಪ್ಪಂದ ಸಿಗಲು 2020ರ ಡಿಸೆಂಬರ್ ಆಗಬೇಕಾಯಿತು. ಆಗ ಒಟ್ಟು 41 ಮಂದಿಗೆ ಒಪ್ಪಂದಪತ್ರ ಕೊಟ್ಟರು. ಲಿವರ್‌ಪೂಲಿನ ಆ ಆಟದಿಂದ ಲೆಕ್ಕ ಹಾಕಿದರೆ 130 ವರ್ಷ.

ನಮ್ಮ ಕಡೆ ಏನಾಯಿತು? ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಿಂದ, ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ಕರ್ನಾಟಕದ ಶಾಂತಾ ರಂಗಸ್ವಾಮಿ. ಮರುತಿಂಗಳು ಪಾಟ್ನಾದಲ್ಲಿ ಅವರ ತಂಡ ಮೊದಲ ಗೆಲುವು ಕಂಡಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಅವರು ಹೊಡೆದ 108, ಭಾರತೀಯ ಮಹಿಳೆಯ ಮೊದಲ ಟೆಸ್ಟ್ ಶತಕ. ಇಷ್ಟಾದರೂ ಕಾಯ್ದಿರಿಸದ ರೈಲು ಡಬ್ಬಿಯ ಪ್ರಯಾಣ, ನೆಲದ ಮೇಲೆ ಹಾಸಿಗೆ. ಅವರಿಗೆ ಅನ್ನ ಕೊಟ್ಟಿದ್ದು ಕೆನರಾ ಬ್ಯಾಂಕಿನ ನೌಕರಿ. ಅಲ್ಲಿ ಅವರು ಜನರಲ್ ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ಆ ತಲೆಮಾರಿನಲ್ಲಿ ಆಟ ಸಂಜೆಯದು, ಸಂಬಳ ಹಗಲಿನದು. ನನಗಂತೂ ಆ ಶತಕಕ್ಕಿಂತ ಈ ಎರಡು ದೋಣಿಯ ಪಯಣವೇ ದೊಡ್ಡದಾಗಿ ಕಾಣುತ್ತದೆ.

ಮಹಿಳಾ ಕ್ರಿಕೆಟ್ 2006ರಲ್ಲಿ ಕ್ರಿಕೆಟ್ ಮಂಡಳಿಯ ಆಶ್ರಯಕ್ಕೆ ಬಂತು. 2015ರಲ್ಲಿ ಮೊದಲ ವಾರ್ಷಿಕ ಒಪ್ಪಂದಗಳಾದವು. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ ಈ ಬದಲಾವಣೆಯ ಕಾಲದವರು. ವೇದಾ 2011ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಮೊದಲ ಏಕದಿನ ಪಂದ್ಯ ಆಡಿ 51 ರನ್ ಮಾಡಿದರು. 2017ರ ವಿಶ್ವಕಪ್‌ನಲ್ಲಿ ಅದೇ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ಅವರು 45 ಎಸೆತಗಳಲ್ಲಿ 70 ಹೊಡೆದರೆ, ರಾಜೇಶ್ವರಿ 15 ರನ್ನಿಗೆ 5 ವಿಕೆಟ್ ಕಿತ್ತರು. ಜಿಲ್ಲಾ ಕೇಂದ್ರವೂ ಅಲ್ಲದ ಪೇಟೆಯಿಂದ ಬಂದ ಹುಡುಗಿ ಇಂಗ್ಲೆಂಡಿನಲ್ಲಿ ಪಂದ್ಯ ಗೆಲ್ಲಿಸಿದ್ದನ್ನು ತಾವು ಮನೆಯ ಟಿ.ವಿ.ಯಲ್ಲಿ ನೋಡಿರಬಹುದು.

ಇನ್ನು ಅಲ್ಲಿನ ದೇಶೀಯ ಕ್ರಿಕೆಟ್ಟಿನಲ್ಲೇ ದುಡಿದವರಲ್ಲಿ ನಮ್ಮ ಕರಾವಳಿಗೆ ಹತ್ತಿರದವರು ಜೆಮಿಮಾ ರಾಡ್ರಿಗಸ್. ಹುಟ್ಟಿ ಬೆಳೆದದ್ದು ಮುಂಬಯಿ, ಮನೆತನ ಮಂಗಳೂರು ಮೂಲದ್ದು. 2019ರಲ್ಲಿ ಯಾರ್ಕ್‌ಷೈರ್ ಡೈಮಂಡ್ಸ್ ಪರ ಆಡಿ, ಯಾರ್ಕ್ ಊರಿನಲ್ಲಿ 58 ಎಸೆತಗಳಿಗೆ ಅಜೇಯ 112 ಹೊಡೆದರು. 2021ರಲ್ಲಿ ಭಾರತದ ಏಕದಿನ ತಂಡದಲ್ಲಿ ಹೊರಗೆ ಕೂರಬೇಕಾದ ಬೇಸರದ ದಿನಗಳಲ್ಲೇ ‘ದಿ ಹಂಡ್ರೆಡ್’ ಎಂಬ ಹೊಸ ಪಂದ್ಯಾವಳಿ ಬಂತು. ಜುಲೈ 24ರಂದು ಲೀಡ್ಸ್‌ನಲ್ಲಿ ಅವರ ತಂಡ 19 ರನ್ನಿಗೆ 4 ವಿಕೆಟ್ ಕಳೆದುಕೊಂಡಿತ್ತು. ಗೆಲ್ಲಲು ಬೇಕಿದ್ದುದು 131. ಜೆಮಿಮಾ 43 ಎಸೆತಗಳಲ್ಲಿ ಔಟಾಗದೆ 92 ಹೊಡೆದು ಗೆಲ್ಲಿಸಿಯೇ ಹಿಂದಿರುಗಿದರು. ಆ ಋತುವಿನಲ್ಲಿ ಒಟ್ಟು 249 ರನ್. ಆದರೂ 2022ರ ವಿಶ್ವಕಪ್ ತಂಡದಲ್ಲಿ ಅವರ ಹೆಸರಿರಲಿಲ್ಲ! ದೇಶದ ತಂಡದಿಂದ ಹೊರಬಿದ್ದ ಆಟಗಾರ್ತಿ ಹಿಂದಿನ ಕಾಲದಲ್ಲಾಗಿದ್ದರೆ ಮನೆಗೆ ಹೋಗಬೇಕಿತ್ತು. ಈಗ ಲೀಗುಗಳು ಆಟವನ್ನೂ ಅನ್ನವನ್ನೂ ಉಳಿಸುತ್ತವೆ. 2025ರ ಅಕ್ಟೋಬರ್ 30ರಂದು ನವಿ ಮುಂಬಯಿಯ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯದ ವಿರುದ್ಧ ಅವರು ಹೊಡೆದ ಅಜೇಯ 127 ಈಗ ಎಲ್ಲರಿಗೂ ಗೊತ್ತಿರುವ ಸಂಗತಿ. ಮೂರು ದಿನಗಳ ಬಳಿಕ ವಿಶ್ವಕಪ್ಪೂ ಬಂತು.

ಕುಮಟಾದವರಿಗೆ ತಮ್ಮೂರಿನ ರಾಘವೇಂದ್ರರ ಪರಿಚಯ ಮಾಡಿಕೊಡಬೇಕಿಲ್ಲ. ಆಟಗಾರನಾಗಬೇಕೆಂದು ಊರು ಬಿಟ್ಟು ಹುಬ್ಬಳ್ಳಿಗೆ, ಅಲ್ಲಿಂದ ಬೆಂಗಳೂರಿಗೆ ಹೋದವರು; ಕೈಗೆ ಪೆಟ್ಟಾಗಿ ಆ ಆಸೆ ಮುರಿದ ಮೇಲೆ, ಭಾರತ ಪುರುಷರ ತಂಡದ ದಾಂಡಿಗರಿಗೆ ಅಭ್ಯಾಸದಲ್ಲಿ ಚೆಂಡೆಸೆಯುವ ಕಸುಬನ್ನೇ ವೃತ್ತಿ ಮಾಡಿಕೊಂಡರು. ಬಸ್‌ಸ್ಟ್ಯಾಂಡಿನಲ್ಲಿ ಮಲಗಿ ರಾತ್ರಿ ಕಳೆದ ಅವರ ಕಷ್ಟ ದೊಡ್ಡದೇ. ಆದರೆ ಹದಿನೈದರ ಹುಡುಗಿಯೊಬ್ಬಳು ಹಾಗೆ ಬಸ್‌ಸ್ಟ್ಯಾಂಡಿನಲ್ಲಿ ಮಲಗಲಾರಳು, ಮಲಗಬಾರದು. ಆಕೆಗೆ ಹತ್ತಿರದಲ್ಲೇ ಅಭ್ಯಾಸದ ಅಂಕಣ, ಕಲಿಸುವವರು, ಸಂಜೆ ಮನೆ ಮುಟ್ಟಿಸುವ ಬಸ್ಸು ಬೇಕು. ಕುಮಟಾದಿಂದ ಹುಬ್ಬಳ್ಳಿ ಸುಮಾರು 160 ಕಿಲೋಮೀಟರ್, ನಡುವೆ ಘಟ್ಟ.

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಹುಡುಗರಿಗೆ 23 ಶಾಲೆಗಳೂ ಹುಡುಗಿಯರಿಗೆ 13 ಶಾಲೆಗಳೂ ಇದ್ದುದನ್ನು ಕಂಡು ಬೆರಗಾಗಿ, ಇಂಥದ್ದನ್ನು ಬೇರೆಲ್ಲೂ ನೋಡಲಿಲ್ಲವೆಂದು ಬರೆದಿಟ್ಟ. ಈ ಸಲ ಕೊಯ್ಲು ಮುಗಿದ ಗದ್ದೆಯಲ್ಲಿ ಮೂರು ಕೋಲು ನೆಟ್ಟು ಆಟ ಶುರುವಾದಾಗ ತಾವೂ ಗದ್ದೆಯಂಚಿನಲ್ಲಿ ನಿಂತು ಎಣಿಸಿ ನೋಡಿ: ಹುಡುಗರೆಷ್ಟು, ಹುಡುಗಿಯರೆಷ್ಟು.